ಮತ್ತೆ ಬರುವವರ ಮೊಳೆ

ಆರು ದಿನಕ್ಕೆ ಒಂಬತ್ತು ಜಾಗ. ತಂಗಿ ಅದನ್ನು ಹೇಗೋ ಹೊಂದಿಸಿಬಿಟ್ಟಿದ್ದಳು.

ಹೊಂದಿಸಿದ್ದು ಅಂಗಡಿಯ ಕಟಿಂಗ್ ಮೇಜಿನ ಮೇಲೆ. ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಅಳತೆಗೆ ಸರಿಯಾಗಿ ಕತ್ತರಿಸಿಕೊಳ್ಳುವ ಖಾಕಿ ಕಾಗದ ಇರುತ್ತದಲ್ಲ, ಅದನ್ನೇ ಉದ್ದಕ್ಕೆ ಹಾಸಿ, ಸೀಮೆಸುಣ್ಣದಲ್ಲಿ ಆರು ಮನೆ ಗೆರೆ ಎಳೆದು, ಒಂದೊಂದು ಜಾಗಕ್ಕೂ ಒಂದೊಂದು ತುಂಡು ಕತ್ತರಿಸಿ ಆ ಮನೆಗಳಲ್ಲಿ ಕೂರಿಸಿದ್ದಳು. ಬಂದರಿನ ಊರಿಗೆ ಅರ್ಧ ದಿನ. ಹಳೇ ಕೋಟೆಗೆ ಅರ್ಧ ದಿನ. ಜಲಪಾತಕ್ಕೆ ನಾಲ್ಕು ಗಂಟೆ, ದೀಪಸ್ತಂಭಕ್ಕೆ ಎರಡು. ಆಮೇಲೆ ಬೆಟ್ಟದ ಮೇಲಿನ ಊರು, ನೇಕಾರರ ಊರು, ಆಮೆಗಳು ಮೊಟ್ಟೆಯಿಡುವ ತೀರ, ಸುಣ್ಣಕಲ್ಲಿನ ಗುಹೆ, ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಕೂತು ನೋಡುವ ಹವಳದ ದಿಬ್ಬ. ಒಬ್ಬರ ಬಟ್ಟೆಯಲ್ಲಿ ಇಬ್ಬರು ಮಕ್ಕಳಿಗೆ ಫ್ರಾಕು ಹೊರಡಿಸುವ ಅಂಗಡಿಯ ಹೆಂಗಸಿಗೆ ಇದೇನು ಮಹಾ? ಬೆರಳಗಲ ಕಾಗದವೂ ಖಾಲಿ ಬಿದ್ದಿರಲಿಲ್ಲ.

ಅಕ್ಕ ಮೇಜಿನ ಆ ಕಡೆ ನಿಂತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡಿದಳು.

"ಏನೇ ಇದು? ನಮ್ಮ ಹಿಂದೆ ಪೊಲೀಸರು ಬಿದ್ದಿದ್ದಾರಾ?"

"ದ್ವೀಪಕ್ಕೆ ಹೋಗೋದೇ ಹೋಗ್ತೀವಿ, ಎಲ್ಲಾ ನೋಡ್ಕೊಂಡು ಬಂದ್ಬಿಡೋಣ ಅಂತ."

"ಸರಿ. ಹೊಲಿಗೆಗೆ ಜಾಗ ಎಲ್ಲಿ ಬಿಟ್ಟಿದ್ದೀಯ?"

ತಂಗಿ ಕಾಗದದ ಕಡೆ ನೋಡಿದಳು. ಎರಡು ತುಂಡು ಸೇರಿಸಿ ಹೊಲಿಯಬೇಕಾದರೆ ಅಂಚಿನಲ್ಲಿ ಅರ್ಧ ಇಂಚು ಬಿಡಬೇಕು ಎನ್ನುವುದು ಈ ಕಸುಬಿನ ಮೊದಲ ದಿನದ ಪಾಠ. ಇಪ್ಪತ್ತೆಂಟು ವರ್ಷದಲ್ಲಿ ಅವಳು ಅದನ್ನು ಮರೆತದ್ದು ಇದೇ ಮೊದಲು. ಊರಿಂದೂರಿಗೆ ಹೋಗುವ ಹೊತ್ತು, ಉಣ್ಣುವ ಹೊತ್ತು, ಕಾಲು ಚಾಚಿ ಕೂರುವ ಹೊತ್ತು, ಯಾವುದೂ ಆ ಕಾಗದದಲ್ಲಿ ಇರಲಿಲ್ಲ.

"ಬಸ್ಸಲ್ಲೇ ನಿದ್ದೆ ಮಾಡಿದ್ರಾಯ್ತು ಬಿಡು" ಎಂದಳು.

ಇಷ್ಟೊಂದು ಅವಸರ ಯಾಕೆ ಎಂದು ಅವಳು ಬಾಯಿ ಬಿಡುವ ಹಾಗಿರಲಿಲ್ಲ. ಬಿಟ್ಟರೆ ಅಕ್ಕನ ಕಣ್ಣಿನ ವಿಷಯ ಹೇಳಬೇಕಾಗುತ್ತಿತ್ತು.

ಅಂಗಡಿ ದೊಡ್ಡದೇನಲ್ಲ. ಒಂದು ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗೆ ಸಿಕ್ಕಿಕೊಂಡ ಕೋಣೆ. ಎತ್ತರದವರು ಬಂದರೆ ಒಳಗಿನ ಮೂಲೆಯಲ್ಲಿ ತಲೆ ತಗ್ಗಿಸಬೇಕು. ಅದರಲ್ಲೇ ಮೇಜು, ಎರಡು ಹೊಲಿಗೆ ಯಂತ್ರ, ಇಸ್ತ್ರಿ ಪೆಟ್ಟಿಗೆ, ಆಳೆತ್ತರದ ಕನ್ನಡಿ. ಕತ್ತರಿ ಅಕ್ಕನದು, ಹೊಲಿಗೆ ತಂಗಿಯದು. ಅಕ್ಕ ಕತ್ತರಿಸಿದ ಕೋಟು ಒಮ್ಮೆ ಹಾಕಿಕೊಂಡವರು ಬೇರೆ ಅಂಗಡಿಯ ಮೆಟ್ಟಿಲು ತುಳಿಯುವುದಿಲ್ಲ. ಅದರ ಗುಟ್ಟು ಇಷ್ಟೇ: ಟೇಪು ಎರಡು ಸಲ ಓಡದೆ ಅವಳು ಕತ್ತರಿ ಮುಟ್ಟುವುದಿಲ್ಲ. ಮೊದಲ ಸಲದ ಅಂಕಿಯನ್ನು ತುಟಿಯಿಂದ ಆಚೆ ಬಿಡುವುದೂ ಇಲ್ಲ. ಗಿರಾಕಿ ಎಂಥ ದೊಡ್ಡ ಮನುಷ್ಯನೇ ಆಗಲಿ, ಇನ್ನೊಂದು ಸಲ ಕೈ ಎತ್ತಿಕೊಂಡು ನಿಲ್ಲಬೇಕು. ಎರಡನೇ ಸಲವೂ ಅದೇ ಅಂಕಿ ಬಂದರೆ ಮಾತ್ರ "ಮೂವತ್ತೆಂಟು" ಎನ್ನುತ್ತಾಳೆ, ತಂಗಿ ಬರೆದುಕೊಳ್ಳುತ್ತಾಳೆ.

ಗೋಡೆಯಲ್ಲಿ ಗೇಣುದ್ದದ ಒಂದು ಮೊಳೆ. ಹೊಲಿದು ಮುಗಿದ ಮೇಲೆ ಗಿರಾಕಿಯ ಅಳತೆ ಕಾಗದಗಳಿಗೆ ತೂತು ಹಾಕಿ ಅದಕ್ಕೆ ಸಿಕ್ಕಿಸುತ್ತಾರೆ. ಅದು ಮತ್ತೆ ಬರುವವರ ಮೊಳೆ. ತೀರಿಕೊಂಡವರದು, ಊರು ಬಿಟ್ಟವರದು, ಜಗಳವಾಡಿ ಹೋದವರದು ಕೆಳಗಿನ ರದ್ದಿ ಡಬ್ಬಕ್ಕೆ. ಯಾರ ಕಾಗದ ಎಲ್ಲಿಗೆ ಎನ್ನುವ ತೀರ್ಪು ಅಕ್ಕನದು. "ಈಯಪ್ಪ ಹೊಟ್ಟೆ ಬೆಳೆಸ್ಕೊಂಡು ಮತ್ತೆ ಬರ್ತಾನೆ, ಮೊಳೆಗೆ ಹಾಕು" ಎಂದಳೆಂದರೆ ಆತ ವರ್ಷದೊಳಗೆ ಬಂದೇ ಬರುತ್ತಾನೆ, ಹೊಟ್ಟೆಯ ಸಮೇತ.

ಮೊಳೆಯ ಪಕ್ಕಕ್ಕೆ ಹನ್ನೊಂದು ವರ್ಷ ಹಳೆಯ ಕ್ಯಾಲೆಂಡರಿನ ಒಂದು ಹಾಳೆ. ನೀಲಿ ನೀರು, ಬಾಗಿದ ತೆಂಗಿನ ಮರ, ತುದಿಯಲ್ಲಿ ಬಿಳೀ ದೀಪಸ್ತಂಭ. ಹಡಗಿನಲ್ಲಿ ಒಂದು ಹಗಲು ಕೂತರೆ ತಲುಪುವ ದ್ವೀಪ. ಕಣ್ಣು ದಣಿದಾಗಲೆಲ್ಲ ಅಕ್ಕ ಅದನ್ನು ನೋಡುತ್ತಾಳೆ. "ಒಂದಿನ ಹೋಗ್ಬೇಕು ಕಣೇ" ಎಂದು ಹನ್ನೊಂದು ವರ್ಷದಿಂದ ಹೇಳಿಕೊಂಡೇ ಬಂದಿದ್ದಾಳೆ. ಶಾಲೆ ಶುರುವಾದರೆ ಸಮವಸ್ತ್ರ, ಚಳಿ ಬಂದರೆ ಕೋಟು, ಮದುವೆ ಬಂದರೆ ಊರಿನ ಬಟ್ಟೆಯೆಲ್ಲ ಇವರ ಮೇಜಿನ ಮೇಲೆ. ಹೋಗುವುದಕ್ಕೆ ಪುರುಸೊತ್ತಾದರೂ ಎಲ್ಲಿತ್ತು?

ಎರಡು ವಾರದ ಹಿಂದೆ ಅಕ್ಕ ಬಾಗಿಲ ಚೌಕಟ್ಟಿಗೆ ಭುಜ ಹೊಡೆದುಕೊಂಡಳು. ಕನ್ನಡಕ ಬದಲಾಯಿಸೋಣವೆಂದು ಮಾರನೇ ಬೆಳಿಗ್ಗೆ, ಅಂಗಡಿ ತೆರೆಯುವ ಮುಂಚೆ, ಇಬ್ಬರೂ ಕಣ್ಣಿನ ಆಸ್ಪತ್ರೆಗೆ ಹೋದರು. ಅಲ್ಲಿ ಅಕ್ಕನನ್ನು ಅರೆಗತ್ತಲ ಕೋಣೆಯೊಂದರಲ್ಲಿ ಕೂರಿಸಿ, ಬೋಗುಣಿಯನ್ನು ಮಗುಚಿಟ್ಟಂಥ ಒಂದು ಯಂತ್ರಕ್ಕೆ ಗಲ್ಲ ಆನಿಸಿ, ಕೈಗೊಂದು ಗುಂಡಿ ಕೊಟ್ಟರು. ನಡುವಿನ ದೀಪವನ್ನೇ ನೋಡುತ್ತಿರಬೇಕು, ಸುತ್ತ ಎಲ್ಲಾದರೂ ಬೆಳಕಿನ ಚುಕ್ಕಿ ಕಂಡರೆ ಗುಂಡಿ ಒತ್ತಬೇಕು. ಅಷ್ಟೇ ಪರೀಕ್ಷೆ. ಅದು ಮುಗಿದು ಅಕ್ಕ ಕಣ್ಣಿಗೆ ಹನಿ ಹಾಕಿಸಿಕೊಂಡು ಬೆಂಚಿನ ಮೇಲೆ ಕೂತಿದ್ದಾಗ, ಡಾಕ್ಟರಮ್ಮ ತಂಗಿಯನ್ನು ಒಳಗೆ ಕರೆದರು.

"ನೀವು ಅವರಿಗೆ ಏನಾಗ್ಬೇಕು?"

"ತಂಗಿ."

ಡಾಕ್ಟರಮ್ಮ ಎರಡು ಹಾಳೆ ಮುಂದಿಟ್ಟರು. ಎರಡರಲ್ಲೂ ಒಂದೊಂದು ವೃತ್ತ, ನಡು ಬಿಟ್ಟರೆ ಸುತ್ತೆಲ್ಲ ಮಸಿ ಚೆಲ್ಲಿದ ಹಾಗೆ ಕಪ್ಪು.

"ನೇರಕ್ಕೆ ಕಾಣೋದು ಚೆನ್ನಾಗೇ ಇದೆ. ಬದಿಯಿಂದ ಕಾಣೋದು ಅರ್ಧಕ್ಕರ್ಧ ಹೋಗಿದೆ ಅಂತ ತೋರಿಸ್ತಿದೆ. ಕಣ್ಣಿನ ಒತ್ತಡ ಸ್ವಲ್ಪ ಜಾಸ್ತಿ ಇದೆ, ಇಲ್ಲ ಅನ್ನಲ್ಲ. ಆದ್ರೆ ಇಷ್ಟು ಕಪ್ಪಾಗೋವಷ್ಟು ಏನಿಲ್ಲ. ಅದೇ ನನಗೆ ತಾಳೆ ಆಗ್ತಿಲ್ಲ. ಸದ್ಯಕ್ಕೆ ಹನಿ ಹಾಕ್ತಿರಿ, ಮೂರು ವಾರ ಬಿಟ್ಟು ಇನ್ನೊಂದ್ಸಲ ಪರೀಕ್ಷೆ ಮಾಡೋಣ."

"ಆಗ್ಲೂ ಹೀಗೇ ಬಂದ್ರೆ?"

"ಹೋದ ದೃಷ್ಟಿ ವಾಪಸ್ ಬರಲ್ಲಮ್ಮ. ಇದೇ ವೇಗದಲ್ಲಿ ಹೋದ್ರೆ ಒಂದು ವರ್ಷ, ಹೆಚ್ಚಂದ್ರೆ ಒಂದೂವರೆ ವರ್ಷ."

ತಾಳೆ ಆಗುತ್ತಿಲ್ಲ ಎಂದದ್ದು ತಂಗಿಯ ಕಿವಿಗೆ ಬಿದ್ದರೂ ಒಳಗಿಳಿಯಲಿಲ್ಲ. ಒಂದೂವರೆ ವರ್ಷ ಎಂದದ್ದು ಮಾತ್ರ ಇಳಿದು ಕೂತಿತು. ಹೊರಗೆ ಬಂದವಳು ಅಕ್ಕನಿಗೆ, "ಏನಿಲ್ಲ, ಹನಿ ಹಾಕ್ಕೋಬೇಕಂತೆ" ಎಂದಳು. ಅವತ್ತು ಮಧ್ಯಾಹ್ನವೇ, ಅಂಗಿಯ ಗುಂಡಿಗಳಿಗೆ ಕಾಜಾ ಹೊಲಿಯುತ್ತಾ, ತಲೆ ಎತ್ತದೆ, "ಈ ಸಲ ದ್ವೀಪಕ್ಕೆ ಹೋಗೇಬಿಡೋಣ ಅಕ್ಕ" ಎಂದಳು. ಎರಡನೇ ಸಲ ಹೇಳಿದಾಗ ಅಕ್ಕ, "ಹೂಂ, ಹೋಗೋಣ" ಎಂದಳು.

ವಿಷಯ ಗೊತ್ತಿದ್ದದ್ದು ತಂಗಿಯ ಗಂಡನಿಗೆ ಮಾತ್ರ. ಆತ ಬಸ್ ಡ್ರೈವರು, ಯಾವುದಕ್ಕೂ ಗಾಬರಿ ಬೀಳುವ ಆಸಾಮಿಯಲ್ಲ. ಒಂಬತ್ತು ಜಾಗದ ಪಟ್ಟಿ ನೋಡಿ, "ಇಷ್ಟು ಸುತ್ತಿದ್ರೆ ಬಸ್ಸಿಗೂ ಏದುಸಿರು ಬರುತ್ತೆ" ಎಂದ. ಆಮೇಲೆ, "ಡಾಕ್ಟರು ತಾಳೆ ಆಗ್ತಿಲ್ಲ ಅಂದ್ರಲ್ಲ, ಯಾಕೆ ಅಂತ ಕೇಳಿದ್ಯಾ?" ಎಂದ.

"ನಿಮಗೆ ಎಲ್ಲಾ ತಮಾಷೆ ಕಣ್ರೀ" ಎಂದು ತಂಗಿ ಮುಖ ತಿರುಗಿಸಿಕೊಂಡಳು. ಕೇಳಿರಲಿಲ್ಲ.

ಕಾಗದ ಹಾಸಿದ ಮಾರನೇ ಬೆಳಿಗ್ಗೆ, ಅಂಗಡಿ ತೆರೆಯುವ ಮುಂಚೆ, ಅಕ್ಕತಂಗಿ ಇಬ್ಬರೂ ಎದುರು ಬೀದಿಯ ಪ್ರವಾಸದ ಆಫೀಸಿಗೆ ಹೋದರು. ಅಲ್ಲೊಬ್ಬ ಟೈ ಕಟ್ಟಿದ ಮಹಾಶಯ ಕೂತಿದ್ದ. ಒಳಗೆ ಕಾಲಿಡುತ್ತಿದ್ದಂತೆ ಅಕ್ಕ ತಂಗಿಯ ಕಿವಿಯಲ್ಲಿ, "ಕಾಲರ್ ಯಾರೋ ಕುಲಗೆಡಿಸಿದ್ದಾರೆ, ಪಾಪ" ಎಂದಳು. ಮಹಾಶಯನಿಗೆ ಮಾತು ಬಹಳ, ಸಮಯ ಕಮ್ಮಿ. ತಂಗಿ ಕೊಟ್ಟ ಒಂಬತ್ತು ಜಾಗದ ಪಟ್ಟಿ ನೋಡಿ, ಕಂಪ್ಯೂಟರಿನ ಪರದೆಯನ್ನು ಇವರ ಕಡೆ ತಿರುಗಿಸಿದ.

"ಮೇಡಂ, ನಾನು ಒಂದೊಂದೇ ಫೋಟೋ ತೋರಿಸ್ತಾ ಹೋಗ್ತೀನಿ. ನಿಮಗೆ ಹಿಡಿಸಿದ್ದಕ್ಕೆ 'ಹೂಂ' ಅಂದ್ಬಿಡಿ ಸಾಕು. ನಾನು ಗುರುತು ಹಾಕ್ಕೊಳ್ತೀನಿ."

ಫೋಟೋಗಳು ಸರಸರನೆ ಓಡಿದವು. ಬಂದರು ಬಂತು, ಅಕ್ಕ ಸುಮ್ಮನಿದ್ದಳು. ಕೋಟೆ ಬಂತು, ಸುಮ್ಮನಿದ್ದಳು. ನೇಕಾರರ ಊರು ಬಂತು, ಆಗಲೂ ಸುಮ್ಮನಿದ್ದಳು. ಅಷ್ಟರಲ್ಲಿ ಮಹಾಶಯನ ಬೆರಳು ಜಾರಿ ಪರದೆ ಹಿಂದಕ್ಕೆ ಹೋಯಿತು, ನೇಕಾರರ ಊರು ಮತ್ತೆ ಬಂತು. "ಹೂಂ" ಎಂದಳು ಅಕ್ಕ. ಜಲಪಾತಕ್ಕೆ ಇಲ್ಲ. ಗುಹೆಗೆ ಇಲ್ಲ. ದೀಪಸ್ತಂಭ ಬಂದಾಗ ಫೋನು ಬಂದು, ಮಾತಾಡುತ್ತಾ ಎಲ್ಲಿದ್ದೆನೆಂದು ಮರೆತು ಆತ ಅದನ್ನೇ ಮತ್ತೊಮ್ಮೆ ತೋರಿಸಿದ. "ಹೂಂ." ಉಳಿದ ಯಾವುದಕ್ಕೂ ಇಲ್ಲ.

"ಒಂಬತ್ತರಲ್ಲಿ ಎರಡೇ ಹಿಡಿಸಿದ್ದು ಮೇಡಂಗೆ" ಎಂದು ಮಹಾಶಯ ಮುಖ ಸಣ್ಣದು ಮಾಡಿಕೊಂಡ.

ತಂಗಿ ಪರದೆಯ ಕಡೆ ನೋಡಿದಳು, ಅಕ್ಕನ ಕಡೆ ನೋಡಿದಳು. ಪರದೆ ಅಕ್ಕನ ಎಡಬದಿಗಿತ್ತು. ಹಿಡಿಸದೆ ಇದ್ದದ್ದಲ್ಲ, ಕಾಣಿಸಿಯೇ ಇಲ್ಲ ಎಂದುಕೊಂಡಳು. ವರ್ಷವೂ ಇಲ್ಲ, ಆರು ತಿಂಗಳೂ ಇಲ್ಲ, ಈಗಲೇ ಹೋಗಿದೆ. ವಾಪಸ್ಸು ಬರುವಾಗ ರಸ್ತೆ ದಾಟುವುದಕ್ಕೆ ಅಕ್ಕನ ರಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಕಳ್ಳೀನ ಹಿಡ್ಕೊಂಡು ಹೋದ ಹಾಗೆ ಹೋಗ್ತಿದ್ದೀಯಲ್ಲೇ! ಬಿಡು, ನೋಯುತ್ತೆ."

ತಂಗಿ ಬಿಡಲಿಲ್ಲ. ಅಂಗಡಿಗೆ ಬಂದು ಯಂತ್ರದ ಮುಂದೆ ಕೂತಳು. ಸಮವಸ್ತ್ರದ ಚಡ್ಡಿಯೊಂದರ ಅಂಚು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಕೇಳದೆ ಇರಲಾಗಲಿಲ್ಲ, ಕೇಳಿದರೆ ಏನು ಉತ್ತರ ಬರುತ್ತದೋ ಎನ್ನುವ ಹೆದರಿಕೆ ಬೇರೆ. ಕೊನೆಗೆ ಹೊಲಿಗೆಯ ಸದ್ದಿನಲ್ಲಿ ಅಡಗಿಸಿ ಕೇಳಿದಳು.

"ಅಕ್ಕ, ಅಲ್ಲಿ ಜಲಪಾತ ತೋರಿಸಿದ್ನಲ್ಲ, ಕಾಣಿಸ್ತಾ ನಿನಗೆ?"

ಅಕ್ಕ ಸೀಮೆಸುಣ್ಣ ಹರಿತ ಮಾಡುತ್ತಿದ್ದಳು. ಉತ್ತರ ಬರಲಿಲ್ಲ. ತಂಗಿ ಯಂತ್ರದ ವೇಗ ತಗ್ಗಿಸಿದಳು. ಇನ್ನೊಂದು ಸಲ ಕೇಳಿದಳು.

"ಕಾಣಿಸದೆ ಏನು? ಮೂರು ಸೀಳಾಗಿ ಬೀಳ್ತಿತ್ತು. ತೀರಾ ಈಚೆ ಅಂಚಲ್ಲಿ ಒಂದು ಬಂಡೆ, ಅದರ ಮೇಲೆ ಕೆಂಪು ಕೊಡೆ ಹಿಡ್ಕೊಂಡು ಒಬ್ಬಳು ನಿಂತಿದ್ಲು. ಅವಳ ಲಂಗದ ಅಂಚು ಒಂದು ಕಡೆ ಇಳಿದಿತ್ತು."

ತಂಗಿ ಬೆರಗಾದಳು. "ಗುಹೆ?"

ಎರಡನೇ ಸಲ ಕೇಳಿದ ಮೇಲೆ ಗುಹೆಯ ಬಾಯಲ್ಲಿದ್ದ ಕಬ್ಬಿಣದ ಏಣಿಗೆ ಎಷ್ಟು ಮೆಟ್ಟಿಲು ಎನ್ನುವುದೂ ಬಂತು.

"ಮತ್ತೆ ಹೂಂ ಅನ್ನಲೇ ಇಲ್ವಲ್ಲ ನೀನು! ಹಿಡಿಸ್ಲಿಲ್ವಾ? ಹೇಳು, ಹಿಡಿಸ್ಲಿಲ್ವಾ?"

"ಹಿಡಿಸ್ತು. ಎಲ್ಲಾನೂ ಹಿಡಿಸ್ತು. ಆದ್ರೆ ಆ ಮನುಷ್ಯ ಒಂದೇ ಸಲ ತೋರಿಸಿ ದಾಟಿಸಿಬಿಟ್ರೆ ನಾನು ಹೇಗೆ ಹೇಳ್ಲಿ? ಎರಡನೇ ಸಲ ಬಂದವಕ್ಕೆ ಹೇಳ್ದೆ."

ಯಂತ್ರದ ಮೇಲಿದ್ದ ತಂಗಿಯ ಕಾಲು ನಿಂತುಹೋಯಿತು. ಸೂಜಿ ಅರ್ಧ ಬಟ್ಟೆಯೊಳಗೆ, ಅರ್ಧ ಹೊರಗೆ.

"ಅಕ್ಕ. ಆಸ್ಪತ್ರೇಲಿ ಆ ಗುಂಡಿ ಯಂತ್ರ ಇತ್ತಲ್ಲ..."

"ಅದರ ಸುದ್ದಿ ಎತ್ತಬೇಡ ನನ್ನ ಹತ್ರ!" ಅಕ್ಕನಿಗೆ ಈ ಸಲ ಎರಡನೇ ಪ್ರಶ್ನೆಯೇ ಬೇಕಾಗಲಿಲ್ಲ, ಅಷ್ಟು ಸಿಟ್ಟಿತ್ತು. "ಮಿಣುಕ್ ಅಂತ ಒಂದು ಚುಕ್ಕಿ ಬರುತ್ತೆ, ಹೋಗುತ್ತೆ. ಸರಿ, ಇನ್ನೊಂದ್ಸಲ ಅದೇ ಜಾಗಕ್ಕೆ ಬರ್ಲಿ, ಒತ್ತೋಣ ಅಂತ ಕಾಯ್ತಾ ಕೂತೆ. ಬಂದಿದ್ದಕ್ಕೆ ಒತ್ತಿದೆ. ಅರ್ಧಕ್ಕರ್ಧ ಎರಡನೇ ಸಲ ಬರಲೇ ಇಲ್ಲ! ನಿಮ್ಮ ಯಂತ್ರ ಕೆಟ್ಟಿದೆ ಅಂತ ಅದನ್ನ ನೋಡ್ಕೊಳ್ಳೋ ಹುಡುಗಿಗೆ ಹೇಳೋಣ ಅಂದ್ಕೊಂಡೆ. ಬೇಜಾರು ಮಾಡ್ಕೊಂಡಾಳು ಅಂತ ಸುಮ್ನಾದೆ."

ತಂಗಿ ನಗುವುದಕ್ಕೆ ಹೋದಳು, ಅಳು ಬಂತು. ಅಳು ಒರೆಸಿಕೊಳ್ಳುವುದಕ್ಕೆ ಹೋದಳು, ನಗು ಬಂತು. ಕೈಯಲ್ಲಿದ್ದ ಚಡ್ಡಿಯನ್ನೇ ಮುಖಕ್ಕೆ ಒತ್ತಿಕೊಂಡು ಕೂತುಬಿಟ್ಟಳು. ಅಕ್ಕ ಕಕ್ಕಾಬಿಕ್ಕಿಯಾಗಿ, "ಸೂಜಿ ಚುಚ್ಚಿತೇನೇ?" ಎಂದು ಎದ್ದು ಬಂದಳು.

"ನಡಿ ಅಕ್ಕ. ಈಗಲೇ ಆಸ್ಪತ್ರೆಗೆ."

"ಅಂಗಡಿ?"

"ಹಾಳಾಗಿಹೋಗ್ಲಿ ಅಂಗಡಿ!"

ನಡುಹಗಲಲ್ಲಿ ಆ ಅಂಗಡಿಯ ಬಾಗಿಲು ಮುಚ್ಚಿದ್ದನ್ನು ಆ ಬೀದಿ ಅವತ್ತೇ ಮೊದಲು ನೋಡಿದ್ದು. ಅಕ್ಕ ಎರಡು ಸಲ ಹಿಂದಕ್ಕೆ ಹೋಗಿ ಇಸ್ತ್ರಿ ಪೆಟ್ಟಿಗೆ ಆರಿದೆಯೇ ಎಂದು ನೋಡಿ ಬಂದಳು. ದಾರಿಯಲ್ಲಿ ತಂಗಿ ಎಲ್ಲವನ್ನೂ ಹೇಳಿದಳು: ಕಪ್ಪು ವೃತ್ತ, ಒಂದೂವರೆ ವರ್ಷ, ಒಂಬತ್ತು ಜಾಗ ಯಾಕೆ ಎನ್ನುವುದು. ಹೇಳಿ ಮುಗಿಸುವ ಹೊತ್ತಿಗೆ ಅಕ್ಕ ಪಾದಚಾರಿ ದಾರಿಯ ಮಧ್ಯದಲ್ಲೇ ನಿಂತುಬಿಟ್ಟಿದ್ದಳು.

"ಎರಡು ವಾರದಿಂದ ಇದನ್ನ ಒಬ್ಬಳೇ ಹೊಟ್ಟೇಲಿಟ್ಕೊಂಡು ಕೂತಿದ್ಯಾ?"

ತಂಗಿ ನೆಲ ನೋಡಿದಳು.

"ಕೂತಿದ್ಯಾ?"

"ಹೂಂ."

ಈ ಸಲ ಅಕ್ಕನೇ ತಂಗಿಯ ರಟ್ಟೆ ಹಿಡಿದುಕೊಂಡು ನಡೆದಳು. ಹೆದರಿಕೆ ಈಗ ಇಬ್ಬರದೂ ಆಗಿತ್ತು.

ಆಸ್ಪತ್ರೆಯಲ್ಲಿ ಯಂತ್ರ ನೋಡಿಕೊಳ್ಳುವ ಹುಡುಗಿ ಮೊದಲು, "ನಿಮಗೆ ಕೊಟ್ಟಿರೋದು ಮುಂದಿನ ವಾರ" ಎಂದಳು. ತಂಗಿ ಅಳತೆ ಟೇಪಿನಿಂದ ಶುರುಮಾಡಿ ಪ್ರವಾಸದ ಆಫೀಸಿನವರೆಗೆ ಕಥೆ ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡು ನಕ್ಕು, ಡಾಕ್ಟರಮ್ಮನ ಕೋಣೆಗೆ ಓಡಿದಳು. ಬಂದವಳೇ ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿದಳು.

"ಅಮ್ಮಾ, ಮೊದಲ್ನೇ ಸಲಕ್ಕೇ ಒತ್ಬೇಕು. ಕಂಡ ತಕ್ಷಣ. ತಪ್ಪಾದ್ರೂ ಪರವಾಗಿಲ್ಲ."

"ತಪ್ಪಾದ್ರೂ?"

"ಏನೂ ಪರವಾಗಿಲ್ಲ. ಇಲ್ಲಿ ಯಾವ ಬಟ್ಟೇನೂ ಹಾಳಾಗಲ್ಲ."

ತಂಗಿ ಪರದೆಯ ಆಚೆ ಬೆಂಚಿನ ಮೇಲೆ ಕೂತಳು. ಒಳಗಿನಿಂದ ಗುಂಡಿ ಒತ್ತುವ ಸದ್ದು ಕೇಳುತ್ತದೆ. ಮೊದಲು ಒಂದು ಬಂತು. ಬಹಳ ಹೊತ್ತು ಏನೂ ಇಲ್ಲ. ಇನ್ನೊಂದು. ಮತ್ತೆ ಮೌನ. ತಂಗಿ ಉಗುರು ಕಚ್ಚಿಕೊಂಡಳು. ಹಳೇ ಚಾಳಿ ಬಿಡಬೇಕಲ್ಲ, ಅರವತ್ತು ದಾಟಿದ ಹೆಂಗಸು, ಸುಲಭವೇ? ಇಲ್ಲ, ಚಾಳಿಯೇ ಅಲ್ಲ, ನಿಜವಾಗಿಯೂ ಕಾಣಿಸುತ್ತಿಲ್ಲವೇ? "ಅಮ್ಮಾ, ಒತ್ತಿ" ಎಂದಳು ಒಳಗೆ ಹುಡುಗಿ. ಆಮೇಲೆ ಟಿಕ್. ಟಿಕ್. ಟಿಕ್ ಟಿಕ್. ನೇರ ಹೊಲಿಗೆ ಹಾಕುವ ಯಂತ್ರದ ಹಾಗೆ ಸದ್ದು ಒಂದೇ ಸಮನೆ ಬರತೊಡಗಿತು. ತಂಗಿ ಕಣ್ಣು ಮುಚ್ಚಿಕೊಂಡು ಅದನ್ನು ಕೇಳುತ್ತಾ ಕೂತಳು. ಜೀವಮಾನದಲ್ಲಿ ಅಷ್ಟು ಹಿತವಾದ ಸದ್ದನ್ನು ಅವಳು ಕೇಳಿರಲಿಲ್ಲ.

ಹೊಸ ಹಾಳೆಗಳು ಬಂದವು. ವೃತ್ತಗಳು ಬೆಳ್ಳಗಿದ್ದವು. ಎಡಗಣ್ಣಿನದರಲ್ಲಿ, ಮೇಲಿನ ಮೂಲೆಯಲ್ಲಿ, ಅಂಗಿಯ ಗುಂಡಿಯಷ್ಟು ಒಂದು ಬೂದು ಕಲೆ.

"ಇದು ನೋಡಿ, ಈಗ ತಾಳೆ ಆಯ್ತು" ಎಂದರು ಡಾಕ್ಟರಮ್ಮ, ಈ ಸಲ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು. "ಆರಂಭದಲ್ಲೇ ಸಿಕ್ಕಿದೆ. ದಿನಾ ಸಂಜೆ ಒಂದು ಹನಿ ಹಾಕ್ಕೊಳ್ಳಿ, ತಪ್ಪಿಸ್ಬೇಡಿ. ಆರು ತಿಂಗಳಿಗೊಮ್ಮೆ ಬಂದು ತೋರಿಸಿ. ಹೀಗೆ ನೋಡ್ಕೊಂಡ್ರೆ ನಿಮ್ಮ ಕತ್ತರಿ ಕೆಲಸಕ್ಕೆ ಏನೂ ತೊಂದ್ರೆ ಬರಲ್ಲ. ಬಾಗಿಲಿಗೆ ಹೊಡ್ಕೊಂಡಿದ್ದು ಹಳೇ ಕನ್ನಡಕದಿಂದ, ಅದನ್ನ ಬದಲಾಯಿಸಿ."

ಅಕ್ಕ ಸುಮ್ಮನಿದ್ದಳು. ತಂಗಿಗೆ ಅರ್ಥವಾಯಿತು. "ಡಾಕ್ಟ್ರೇ, ದಯವಿಟ್ಟು ಇನ್ನೊಂದ್ಸಲ ಹೇಳ್ಬಿಡಿ" ಎಂದಳು.

ಡಾಕ್ಟರಮ್ಮ ನಕ್ಕು, ಅಷ್ಟನ್ನೂ ಇನ್ನೊಂದು ಸಲ ಹೇಳಿದರು. ಆಗ ಅಕ್ಕ ಉಸಿರು ಬಿಟ್ಟಳು. ಎದ್ದು ನಿಂತ ತಂಗಿ ಮತ್ತೆ ಕುರ್ಚಿಯಲ್ಲಿ ಕೂತಳು. ಎರಡು ವಾರ ಹೊತ್ತುಕೊಂಡು ತಿರುಗಿದ ಭಾರ ಒಮ್ಮೆಗೇ ಇಳಿದಿತ್ತು. ಅವಳಿಗೆ ಎಲ್ಲಿಲ್ಲದ ಹಸಿವಾಯಿತು.

ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಇಬ್ಬರೂ ಬೀದಿಯ ಅಂಗಡಿಯಲ್ಲಿ ಚಹಾ ಕುಡಿದರು, ಬನ್ನು ತಿಂದರು, ಇನ್ನೊಂದು ಬನ್ನು ತಿಂದರು. ಅಕ್ಕ ಲೋಟ ಹಿಡಿದುಕೊಂಡು ಏನೋ ಯೋಚಿಸುತ್ತಿದ್ದಳು.

"ಬೀದಿ ಕೊನೇಲಿ ಇಸ್ತ್ರಿ ಅಂಗಡಿಯವನಿದ್ನಲ್ಲ, ನೀನಿನ್ನೂ ಫ್ರಾಕು ಹಾಕ್ತಿದ್ದಾಗ."

"ಉಬ್ಬು ಹಲ್ಲಿನವ್ನಾ?"

"ಹಲ್ಲು ಚೆನ್ನಾಗೇ ಇತ್ತು. ನನ್ನ ಮದುವೆ ಆಗ್ತೀಯಾ ಅಂತ ಕೇಳಿದ್ದ. ಅವನೂ ಒಂದೇ ಸಲ ಕೇಳಿದ."

ತಂಗಿ ಬಾಯಿ ತೆರೆದುಕೊಂಡು ಅಕ್ಕನನ್ನು ನೋಡಿದಳು. ಅಕ್ಕ ಮೊದಲು ನಕ್ಕಳು. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಚಹಾದವನು, "ಏನಮ್ಮಾ, ಏನಾಯ್ತು?" ಎಂದು ಕೇಳಿದ. ಅಕ್ಕ ಹೇಳಲಿಲ್ಲ, ಆತ ಮತ್ತೆ ಕೇಳಲಿಲ್ಲ.

ಅಂಗಡಿಗೆ ಮರಳಿದಾಗ ಮೇಜಿನ ಮೇಲೆ ಆರು ಮನೆಯ ಕಾಗದ ಹಾಗೇ ಹಾಸಿಕೊಂಡಿತ್ತು. ಅಕ್ಕ ಅದರ ಮುಂದೆ ನಿಂತಳು. ಟೇಪು ತೆಗೆಯಲಿಲ್ಲ. ನೇಕಾರರ ಊರಿನ ತುಂಡನ್ನು ಎತ್ತಿ ಮೊದಲ ಮನೆಯಲ್ಲಿಟ್ಟು, "ಮೂರು ದಿನ" ಎಂದಳು. "ಆ ಬಟ್ಟೆ ಮುಟ್ಟಿ ನೋಡ್ಬೇಕು, ಬಣ್ಣ ಹೇಗೆ ಹಾಕ್ತಾರೆ ಅಂತ ಕೂತು ನೋಡ್ಬೇಕು." ದೀಪಸ್ತಂಭವನ್ನು ಎತ್ತಿ, "ಎರಡು ದಿನ" ಎಂದಳು.

"ದೀಪಸ್ತಂಭದಲ್ಲಿ ಎರಡು ದಿನ ಏನು ಮಾಡೋದು?"

"ಹನ್ನೊಂದು ವರ್ಷದಿಂದ ನೋಡ್ತಿದ್ದೀನಿ ಅದನ್ನ. ಎದುರಿಗೆ ಒಂದು ಕುರ್ಚಿ ಹಾಕ್ಕೊಂಡು ಕೂತ್ಕೊಳ್ತೀನಿ."

"ಆರನೇ ದಿನ?"

"ಅದು ಹೊಲಿಗೆಗೆ."

ಉಳಿದ ಏಳು ತುಂಡುಗಳನ್ನು ಅಕ್ಕ ಒಂದರ ಮೇಲೊಂದು ಜೋಡಿಸಿ ತಂಗಿಯ ಕೈಗೆ ಕೊಟ್ಟಳು. ಬಂದರು, ಕೋಟೆ, ಬೆಟ್ಟ, ಜಲಪಾತ, ಗುಹೆ, ಆಮೆಗಳ ತೀರ, ಹವಳದ ದಿಬ್ಬ. ಬೆಳಿಗ್ಗೆ ಇವುಗಳಲ್ಲಿ ಒಂದನ್ನು ಬಿಡು ಎಂದಿದ್ದರೂ ತಂಗಿ ಬಿಟ್ಟುಕೊಡುತ್ತಿರಲಿಲ್ಲ. ಈಗ ಏಳನ್ನೂ ಕೈಯಲ್ಲಿ ಹಿಡಿದುಕೊಂಡಿದ್ದಳು, ಏನೂ ಅನ್ನಿಸಲಿಲ್ಲ. ಅಲ್ಲ, ಸುಖ ಅನ್ನಿಸಿತು.

"ಇವನ್ನ ಎಲ್ಲಿಗೆ ಹಾಕ್ಲಿ, ಅಕ್ಕ?"

ಕೇಳಿ, ಅಭ್ಯಾಸಬಲದಿಂದ ಎರಡನೇ ಸಲ ಕೇಳುವುದಕ್ಕೆ ಬಾಯಿ ತೆರೆದಳು. ಅಷ್ಟರಲ್ಲಿ ಅಕ್ಕ ಹೇಳಿ ಆಗಿತ್ತು.

"ಮೊಳೆಗೆ."

ತಂಗಿ ಏಳಕ್ಕೂ ಸೇರಿಸಿ ಒಂದು ತೂತು ಹಾಕಿದಳು. ಹೊಟ್ಟೆಯವನ ಅಳತೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಅವನ್ನು ಎಲ್ಲರಿಗಿಂತ ಮುಂದೆ ಸಿಕ್ಕಿಸಿದಳು. ಆಮೇಲೆ ಯಂತ್ರದ ಮುಂದೆ ಕೂತು, ಅರ್ಧಕ್ಕೆ ನಿಂತಿದ್ದ ಚಡ್ಡಿಯ ಅಂಚನ್ನು ಹೊಲಿದು ಮುಗಿಸಿದಳು.